ಕಿವಿಗೆ ಹಿಡಿದ ಕುದುರೆ

ಕಸುಬು ಕಲಿತ ಕೈಗೆ ಬುದ್ಧಿ ಹೇಳುವುದು ಕಷ್ಟ. ಅದು ಯಜಮಾನನನ್ನು ಕೇಳದೆ ಕೆಲಸ ಮುಗಿಸಿಬಿಡುತ್ತದೆ. ನಾನು ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟು ಕಾಯಿ ಸುಲಿಯಲು ನಿಂತವನು. ಈಗ ಕಿಬ್ಬನಹಳ್ಳಿಯ ಹತ್ತಿರ ನನ್ನದೇ ಕೊಬ್ಬರಿ ಅಟ್ಟವಿದೆ. ವರ್ಷ ಒಣಗಿದ ಕಾಯನ್ನು ಕಿವಿಗೆ ಹಿಡಿದು ಅಲ್ಲಾಡಿಸಿ, ನೀರು ಕುಲುಕಿದರೆ ವಾಪಸ್ ಅಟ್ಟಕ್ಕೆ, ಒಣಗಿದ ಉಂಡೆ ಗೊಟಗೊಟ ಬಡಿದರೆ ಸುಲಿಯುವುದಕ್ಕೆ. ಇದರಲ್ಲಿ ನನ್ನ ಕಿವಿ ತಪ್ಪಿದ್ದಿಲ್ಲ. ಇಷ್ಟನ್ನು ಜಂಭದಿಂದಲೇ ಹೇಳುತ್ತೇನೆ. ಮುಂದಿನದರಲ್ಲಿ ಜಂಭಕ್ಕೆ ಜಾಗವಿಲ್ಲ.

ಚೆಸ್ ಕಲಿತದ್ದು ಮಗಳಿಂದ. ಕಲಿತ ಎರಡೇ ವರ್ಷಕ್ಕೆ ಚಿಕ್ಕನಾಯಕನಹಳ್ಳಿಯ ಪಂದ್ಯಾವಳಿಗೆ ಹೆಸರು ಕೊಟ್ಟೆ. ಮೊದಲ ಸುತ್ತಿನಲ್ಲೇ ಎದುರಿಗೆ ಬಂದು ಕೂತವನು ಪರಮೇಶ. ಈಗ ಕಾಲೇಜು ಮೇಷ್ಟ್ರು, ಜಿಲ್ಲಾ ಮಟ್ಟದಲ್ಲಿ ಬಹುಮಾನ ತಂದವನು; ಆಗ ಸ್ಕೂಲಿನಲ್ಲಿ ನನ್ನ ಬೆಂಚಿನವನು. ಸ್ಕೂಲು ಬಿಟ್ಟಮೇಲೆ ಪಾಠಗಳಿಗಿಂತ ಹೆಚ್ಚು ನೆನಪಾದವನು ಅವನೇ.

"ಲೇ ಬಸ್ವ, ನೀನೇನ್ಲಾ! ಎಷ್ಟು ವರ್ಷ ಆಯ್ತಲಾ!" ಎಂದು ಬಾಯ್ತುಂಬ ನಕ್ಕ.

"ಚೆನ್ನಾಗಿದ್ದೀರಾ ಸಾರ್?" ಎಂದೆ. ಬೇಕೆಂದೇ ಹಾಗೆಂದೆ. ಓದಿದವನ ಸಲಿಗೆಗೆ ನಾನು ಹಲ್ಲು ಗಿಂಜುವವನಲ್ಲ ಎಂದು ತೋರಿಸಬೇಕಿತ್ತು. ಅವನ ನಗು ಅರ್ಧಕ್ಕೇ ನಿಂತಿತು.

ಒಂದು ಗಂಟೆಯಾದರೂ ನನ್ನ ರಾಜ ಬದುಕಿದ್ದ. ಪರಮೇಶ ಹಣೆ ಉಜ್ಜಿಕೊಳ್ಳುತ್ತಿದ್ದ. ನನ್ನ ಸರದಿ ಬಂತು; ಯೋಚನೆಗೆ ಬಿದ್ದೆ. ಅಷ್ಟರಲ್ಲಿ ಕೈ ತನ್ನ ಕಸುಬಿಗೆ ಹೊರಟಿತು: ರಾಜನ ಕಾವಲಿಗಿದ್ದ ಕುದುರೆಯನ್ನೆತ್ತಿ, ಕಿವಿಗೆ ಹಿಡಿದು, ಎರಡು ಸಲ ಅಲ್ಲಾಡಿಸಿತು! ಪಕ್ಕದ ಮೇಜಿನವರು ಕಿಸಕ್ಕೆಂದರು. ಮುಟ್ಟಿದ್ದನ್ನೇ ನಡೆಸಬೇಕೆಂಬುದು ಪಂದ್ಯದ ನಿಯಮ.

ಪರಮೇಶ ಮೆಲ್ಲಗೆ, "ಕಸುಬಿನ ಕೈ ಕಣ್ಲಾ ಅದು, ವಾಪಸ್ ಇಡು. ನಾನೇನೂ ನೋಡ್ಲಿಲ್ಲ ಬುಡು" ಎಂದ.

"ಬಿಟ್ಟುಕೊಟ್ಟಿದ್ನ ತಗೊಂಡು ಬದುಕಿದೋನಲ್ಲ ಸಾರ್ ನಾನು" ಎಂದು ಕುದುರೆಯನ್ನೇ ನಡೆಸಿದೆ. ಮೂರೇ ನಡೆಗೆ ರಾಜ ಸತ್ತ.

ಪರಮೇಶ ಎದ್ದು ಕೈ ಕುಲುಕಿದ. "ಆ ಕುದ್ರೆ ಅಲ್ಲೇ ಇದ್ದಿದ್ರೆ ನಾನೇ ಸೋಲ್ತಿದ್ದೆ. ಒಳ್ಳೆ ಆಟ ಕೆಡಬಾರ್ದು ಅಂತ ಹೇಳ್ದೆ ಅಷ್ಟೆ" ಎಂದ. ಕೈ ಬಿಡಿಸಿಕೊಂಡು, "ಚೆನ್ನಾಗಿ ಆಡಿದ್ರಿ. ಬತ್ತೀನಿ ಕಣ್ರೀ ಬಸವರಾಜು" ಎಂದು ಹೊರಟೇಹೋದ.

ಸೋತದ್ದು ಬಸ್ಸು ಊರು ಮುಟ್ಟುವಷ್ಟರಲ್ಲಿ ಮರೆತುಹೋಗಿತ್ತು. ಆ ಮರ್ಯಾದೆಯ ಮಾತು ಮಾತ್ರ ಇನ್ನೂ ಚುಚ್ಚುತ್ತದೆ. ಕೇಳಿ ಪಡೆದುಕೊಂಡವನು ನಾನೇ ತಾನೆ! ಕಾಯಿಯ ನೀರು ಒಂದು ವರ್ಷಕ್ಕೆ ಆರುತ್ತದೆ. ನನ್ನ ತಲೆಯನ್ನು ಯಾರಾದರೂ ಕಿವಿಗೆ ಹಿಡಿದು ಅಲ್ಲಾಡಿಸಿದ್ದರೆ, ಐವತ್ತು ವರ್ಷವಾದರೂ ಕುಲುಕುತ್ತಿದೆಯಲ್ಲ ಎಂದು ವಾಪಸ್ ಅಟ್ಟಕ್ಕೇ ಹಾಕುತ್ತಿದ್ದರು.