ಲಕ್ಲಕ್‌ನ ಕುಂಟುಕಾಲು, ನನ್ನ ಮೌನವ್ರತ

ಈ ಸಲದ ನ್ಯೆಪಿ ದಿನ ಬೆಳಗಿನಿಂದ ಮಾರನೆಯ ಬೆಳಗಿನವರೆಗೆ ಒಂದೇ ಒಂದು ಮಾತೂ ಆಡುವುದಿಲ್ಲವೆಂದು ನಾನು ಘೋಷಿಸಿದಾಗ, ನನ್ನ ಕ್ಷೌರದಂಗಡಿಯಲ್ಲಿ ಎದ್ದ ನಗುವಿಗೆ ಒಬ್ಬ ಗಿರಾಕಿಯ ಮೀಸೆ ಎಡಗಡೆ ಗಿಡ್ಡವಾಯಿತು. ತಪ್ಪು ನನ್ನದಲ್ಲ, ಅಲುಗಾಡಿದವನು ಅವನು.

ನ್ಯೆಪಿಯ ಹಿಂದಿನ ಸಂಜೆ ನಾವು ಬಾಲಿಯವರು ತಟ್ಟೆ, ಡಬ್ಬಿ, ತಮಟೆ ಬಡಿದು ಊರ ಭೂತಗಳನ್ನೆಲ್ಲ ಓಡಿಸುತ್ತೇವೆ. ಬೆಳಗಾದರೆ ಒಲೆ ಹಚ್ಚುವಂತಿಲ್ಲ, ಕೆಲಸ ಮಾಡುವಂತಿಲ್ಲ, ಬೀದಿಗೆ ಇಳಿಯುವಂತಿಲ್ಲ. ತಿರುಗಿ ಬಂದ ಭೂತಗಳು ಇಲ್ಲಿ ಯಾರೂ ಇಲ್ಲವೆಂದು ಮೋಸಹೋಗಿ ಮುಂದೆ ಹೋಗಬೇಕಲ್ಲ! ಮನೆಯೊಳಗೆ ಪಿಸುಮಾತಿಗೆ ಅಡ್ಡಿಯಿಲ್ಲ. ಬಾಯಿಗೂ ಬೀಗ ಹಾಕುವ ಮೌನವ್ರತ ಗಟ್ಟಿಗರಿಗೆ ಮಾತ್ರ. ಅಂಥ ಗಟ್ಟಿಗರ ಸಾಲಿಗೆ ಈ ನೆಂಗಾ ಕರಿಯಾಸ ಸೇರಲಿದ್ದ!

“ನೀವು? ಮೌನ?” ಎಂದಳು ಹೆಂಡತಿ ಸುವೇನಿ. “ನೀವು ನಿದ್ದೇಲೂ ಸುಮ್ನಿರಲ್ಲ. ಮೊನ್ನೆ ನನ್ನ ಕತ್ತು ಹಿಡಿದು ಆ ಕಡೆ ತಿರುಗಿಸಿ ‘ಹಿಂದ್ಗಡೆ ಸಣ್ಣ ಮಾಡ್ಲಾ’ ಅಂತ ಕೇಳಿದ್ರಿ.”

“ನಾಳೆ ನೋಡ್ತಿರು.”

“ನೋಡೇಬಿಡೋಣ. ನಾಳೆ ತುಟಿ ಬಿಚ್ಚದೆ ಇದ್ರೆ, ವರ್ಷಪೂರ್ತಿ ನೀವು ಅಂಗಡಿಯಿಂದ ಹೊತ್ತು ತರೋ ಸುದ್ದಿಗೆಲ್ಲ ಹೂಂ ಅಂತೀನಿ. ಒಂದ್ಸಲಾನೂ ಆಕಳಿಸಲ್ಲ.”

ಓದುಗ ಮಹಾಶಯರೇ, ಇಷ್ಟು ವರ್ಷದ ಸಂಸಾರದಲ್ಲಿ ಇಂಥ ಬಹುಮಾನವನ್ನು ನನಗೆ ಯಾರೂ ಒಡ್ಡಿರಲಿಲ್ಲ. ಅದಕ್ಕಾಗಿ ನಾನು ಬಾಯನ್ನು ಹೊಲಿಸಿಕೊಳ್ಳಲೂ ಸಿದ್ಧನಿದ್ದೆ.

ಬೆಳಗ್ಗೆ ಜಗಲಿಯ ಮೇಲೆ ಋಷಿಯಂತೆ ಚಕ್ಕಳಮಕ್ಕಳ ಹಾಕಿ ಕುಳಿತೆ. ಮೊದಲ ಗಂಟೆ ಸುಖವಾಗಿ ಕಳೆಯಿತು. ಆಗ ಅಂಗಳಕ್ಕೆ ಲಕ್ಲಕ್ ಬಂದಿತು, ಮೂರು ಕಾಲಿನ ಮೇಲೆ.

ಲಕ್ಲಕ್ ಎಂದರೆ ನಮ್ಮ ಸಂತೆಯಲ್ಲಿ ಸಿಗುವ ಪುಟ್ಟ ಬಿಳಿ ಅಕ್ಕಿದೋಸೆ. ನಮ್ಮ ನಾಯಿಮರಿಯೂ ಹಾಗೇ ಬೆಳ್ಳಗೆ, ಉಬ್ಬಿಕೊಂಡು, ಮೈತುಂಬ ಕೂದಲು. ಮಗಳು ಮದುವೆಯಾಗಿ ಹೋದ ಮೇಲೆ ಸುವೇನಿ ಮಂಕಾಗಿದ್ದಳೆಂದು ಕಿಂತಾಮಣಿ ಬೆಟ್ಟದಿಂದ ತಂದ ಮರಿ. ಅದೀಗ ಬಲಗಡೆಯ ಮುಂಗಾಲನ್ನು ಎತ್ತಿ ಹಿಡಿದು ಕುಪ್ಪಳಿಸುತ್ತಿತ್ತು.

“ಅತ್ತೆ, ಮರಿ ಕುಂಟ್ತಾ ಇದೆ,” ಸುವೇನಿ ನನ್ನ ಅಮ್ಮನಿಗೆ ಪಿಸುಗುಟ್ಟಿದಳು.

“ನಿನ್ನೆ ಚೆನ್ನಾಗಿತ್ತಲ್ಲೇ?”

“ನಿನ್ನೆ ಗಲಾಟೇಲಿ ಯಾರು ನೋಡಿದ್ರು?”

ಇಬ್ಬರೂ ಪಾದ ತಿರುಗಿಸಿ ನೋಡಿದರು. ಮುಳ್ಳಿಲ್ಲ, ಗಾಜಿಲ್ಲ, ಊತವೂ ಇಲ್ಲ. ಪಶುವೈದ್ಯರ ಬಳಿ ಹೋಗೋಣವೆಂದರೆ ದಾರಿ ಬಂದ್, ಕೇಳೋಣವೆಂದರೆ ಮೊಬೈಲ್‌ನಲ್ಲಿ ಇಂಟರ್‌ನೆಟ್ಟೂ ಬಂದ್. ಅಮ್ಮ ಅಂಗಳದ ನಾಲ್ಕು ಮೂಲೆಯನ್ನೂ ಒಮ್ಮೆ ದಿಟ್ಟಿಸಿದಳು.

“ಇದು ಮುಳ್ಳಲ್ಲ ಕಣೇ. ನಿನ್ನೆ ಓಡಿಸಿದ್ದರಲ್ಲಿ ಒಂದು ನಮ್ಮನೇಲೇ ಉಳ್ಕೊಂಡಿದೆ. ಮೊದಲು ನಾಯಿ ಕಾಲು ಹಿಡಿದಿದೆ, ಆಮೇಲೆ ನಮ್ಮ ಕಾಲು. ನಾಳೆ ದಾರಿ ತೆರೀಲಿ, ಇದನ್ನ ಬೆಟ್ಟಕ್ಕೆ ವಾಪಸ್ಸು ಬಿಟ್ಟು ಬರೋದೇ.”

ಸುವೇನಿಯ ಕಣ್ಣಲ್ಲಿ ನೀರು ತುಂಬಿತು. ನನಗೂ ಮರಿಯನ್ನು ಬಿಟ್ಟುಕೊಡಲು ಮನಸ್ಸಿರಲಿಲ್ಲ. ನಾನು ಹೇಳುವುದನ್ನು ಕೊನೆಯವರೆಗೆ ಕೂತು ಕೇಳುವ ಜೀವ ಈ ಮನೆಯಲ್ಲಿ ಅದೊಂದೇ. ಆದರೆ ಅಮ್ಮನ ಮಾತಿಗೆ ಎದುರಾಡಬೇಕಾದರೆ ಬಾಯಿ ಬೇಕು, ಬಾಯಿಗೆ ಬೀಗ ಬಿದ್ದಿತ್ತು.

ಲಕ್ಲಕ್ ಕುಂಟುತ್ತಾ ಬಂದು ನನ್ನ ಪಕ್ಕದಲ್ಲೇ ಬಿದ್ದುಕೊಂಡು ಕಾಲು ನೆಕ್ಕತೊಡಗಿತು. ನೆಕ್ಕಿ ನೆಕ್ಕಿ ಕೂದಲು ಒದ್ದೆಯಾಗಿ ಇಬ್ಭಾಗವಾಯಿತು. ಪಾದಕ್ಕಿಂತ ಸ್ವಲ್ಪ ಮೇಲೆ, ಚರ್ಮಕ್ಕೆ ಅಂಟಿಕೊಂಡು, ಕೆಂಪು, ಬಿಳಿ, ಕಪ್ಪು ಎಳೆಗಳು ಕಂಡವು.

ನನಗೆ ತಟ್ಟನೆ ನೆನಪಾಯಿತು. ಸಾಕುಪ್ರಾಣಿಗಳಿಗೆ ತೀರ್ಥ ಹಾಕಿಸುವ ಹಬ್ಬದ ದಿನ, ಮರಿಗೆ ಕಣ್ಣು ತಾಗದಿರಲೆಂದು ರಕ್ಷೆಯ ದಾರ ಕಟ್ಟಿದ ಪುಣ್ಯಾತ್ಮ ನಾನೇ! ಯಾರಿಗೂ ಹೇಳದೆ ಕಟ್ಟಿದ್ದೆ, ಅದೂ ಬ್ರಹ್ಮಗಂಟು. ಮರಿ ಬೆಳೆಯುತ್ತದೆ, ದಾರ ಬೆಳೆಯುವುದಿಲ್ಲ ಎಂಬ ಸಣ್ಣ ಸಂಗತಿ ಈ ದೊಡ್ಡ ತಲೆಗೆ ಹೊಳೆದಿರಲಿಲ್ಲ.

ಬಿಚ್ಚಲು ಕೈ ಹಾಕಿದೆ. ಮರಿ ಕುಂಯ್ ಎಂದಿತು. ಸುವೇನಿ ಓಡಿಬಂದು ಅದನ್ನು ಎತ್ತಿಕೊಂಡಳು. “ನೋವಾಗಿರೋ ಕಾಲನ್ನ ಹಿಂಡ್ತೀರಲ್ಲ ರೀ, ಕರುಣೆ ಬೇಡ್ವಾ?”

ನಾನು ನನ್ನ ಮಣಿಕಟ್ಟು ತೋರಿಸಿ, ಅದರ ಸುತ್ತ ಬೆರಳಾಡಿಸಿದೆ.

“ಟೈಮಾ? ಊಟಕ್ಕೆ ಇನ್ನೂ ಹೊತ್ತಿದೆ.”

ಅಲ್ಲವೆಂದು ತಲೆಯಾಡಿಸಿದೆ. ಎರಡೂ ಕೈಯಲ್ಲಿ ಗಂಟು ಬಿಗಿಯುವಂತೆ ಅಭಿನಯಿಸಿದೆ.

“ನನ್ನ ಕತ್ತು ಹಿಚುಕ್ತೀರಾ? ನಾನೇನ್ರೀ ಮಾಡ್ದೆ?” ಎನ್ನುತ್ತಾ ಮರಿಯನ್ನು ಅಪ್ಪಿಕೊಂಡು ಅಡುಗೆಮನೆ ಸೇರಿದಳು.

ಬರೆದು ತೋರಿಸಬಹುದಿತ್ತಲ್ಲ ಎನ್ನುತ್ತೀರಾ? ಬರೆದರೂ ಮಾತೇ ಎಂದು ಸುವೇನಿ ಹಿಂದಿನ ರಾತ್ರಿಯೇ ಷರತ್ತು ಬಿಗಿದಿದ್ದಳು. ಉಳಿದದ್ದು ಒಂದೇ ದಾರಿ. ಮೊದಲು ಸುತ್ತಲಿನ ಕೂದಲು ಬೋಳಿಸಬೇಕು, ಆಮೇಲೆ ದಾರ ಕತ್ತರಿಸಬೇಕು. ಕ್ಷೌರ ನನ್ನ ಕಸುಬು, ಕಸುಬು ಇವತ್ತು ನಿಷಿದ್ಧ ನಿಜ. ಆದರೆ ಗಿರಾಕಿ ನಾಯಿಯಾದರೆ ಅದು ಕಸುಬಲ್ಲ ಎಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡು, ಬಲಗೈಯಲ್ಲಿ ಕ್ಷೌರದ ಕತ್ತಿ, ಎಡಗೈಯಲ್ಲಿ ಕತ್ತರಿ ಹಿಡಿದು, ಹೆಜ್ಜೆ ಸದ್ದಾಗದಂತೆ ಅಡುಗೆಮನೆ ಬಾಗಿಲಲ್ಲಿ ನಿಂತೆ.

ಸುವೇನಿ ತಿರುಗಿ ನೋಡಿದಳು. ಬಾಯಿ ಬಿಗಿದ ಗಂಡ, ನೆಟ್ಟ ನೋಟ, ಹೊಳೆಯುವ ಕತ್ತಿ. ನಾನು ಧೈರ್ಯ ತುಂಬಲೆಂದು ಮುಗುಳ್ನಕ್ಕೆ. ಅದೇ ಎಡವಟ್ಟಾಯಿತು.

“ಅತ್ತೇ!”

ಇಡೀ ದ್ವೀಪ ಉಸಿರು ಬಿಗಿಹಿಡಿದ ದಿನ ಹೊರಟ ಆ ಕೂಗಿಗೆ ಪಕ್ಕದ ತೆಂಗಿನಮರದ ಹಕ್ಕಿಗಳೆಲ್ಲ ಎದ್ದು ಹೋದವು. ಅಮ್ಮ ಓಡಿಬಂದಳು. ಚೌಕಳಿ ಬಟ್ಟೆ ಉಟ್ಟು ಬೀದಿ ಕಾಯುತ್ತಿದ್ದ ಊರ ಕಾವಲುಗಾರ ಸುಮೆರ್ತನೂ ಗೇಟು ದೂಡಿಕೊಂಡು ಬಂದ. ಸುಮೆರ್ತ ನನ್ನ ಹಳೆಯ ಗೆಳೆಯ, ಅದಕ್ಕಿಂತ ಹಳೆಯ ಗಿರಾಕಿ.

“ಏನಾಯ್ತು ತಂಗಿ?”

“ಬೆಳಗ್ಗಿಂದ ಒಂದು ಮಾತಾಡಿಲ್ಲ ಅಣ್ಣಾ. ಈಗ ಕತ್ತಿ ಹಿಡ್ಕೊಂಡು ಮರಿ ಹತ್ರ ಬರ್ತಿದಾರೆ.”

“ವ್ರತ ಅಂತ ಅಂಗಡೀಲಿ ಹೇಳ್ತಿದ್ನಲ್ಲ?”

“ಹೇಳಿದ್ರು. ಇವರು ಹೇಳಿದ್ದನ್ನ ಯಾವತ್ತು ಮಾಡಿದಾರೆ? ಹಲ್ಲುಜ್ಜೋ ಹೊತ್ತಿಗೇ ಮುರೀತಾರೆ ಅಂದ್ಕೊಂಡಿದ್ದೆ. ಮಧ್ಯಾಹ್ನ ಆಯ್ತು ಅಣ್ಣಾ!”

“ಅದು ನಾಯಿ ಕಾಲು ಬಿಟ್ಟು ನನ್ನ ಮಗನ ಮೈಮೇಲೆ ಬಂದಿದೆ,” ಎಂದಳು ಅಮ್ಮ. “ಹುಟ್ಟಿದಾಗ ಬಾಯಿ ತೆಗೆದವನು ಇವತ್ತಿನವರೆಗೆ ಮುಚ್ಚಿರಲಿಲ್ಲ. ಹೆತ್ತವಳಿಗೆ ಗೊತ್ತಾಗಲ್ವಾ?”

ಸುಮೆರ್ತ ಬುದ್ಧಿವಂತ. ಪರೀಕ್ಷೆ ಮಾಡೋಣವೆಂದು ನನ್ನೆದುರು ನಿಂತ.

“ನೆಂಗಾ, ಮಾರ್ಕೆಟ್ ಹತ್ರ ಹೊಸ ಅಂಗಡಿ ಹಾಕಿದಾನಲ್ಲ, ಆ ಹುಡುಗ ನಿನಗಿಂತ ಚೆನ್ನಾಗಿ ಕಟಿಂಗ್ ಮಾಡ್ತಾನಂತೆ.”

ನಾಲಿಗೆ ಕಚ್ಚಿಕೊಂಡೆ.

“ಹೋದ ತಿಂಗಳು ನಾನೂ ಅಲ್ಲೇ ಮಾಡಿಸ್ಕೊಂಡೆ.”

ದ್ರೋಹಿ! ಅವನ ಹಿಂದಲೆ ನೋಡಿದಾಗಲೇ ನನಗೆ ಅನುಮಾನವಿತ್ತು. ಕಣ್ಣು ಕೆಂಪಾಯಿತು, ಹಲ್ಲು ಕಟಕಟ ಎಂದವು, ಮೈ ನಡುಗಿತು. ಆದರೂ ತುಟಿ ಬಿಚ್ಚಲಿಲ್ಲ. ಸುಮೆರ್ತ ಎರಡು ಹೆಜ್ಜೆ ಹಿಂದೆ ಸರಿದ.

“ಅಮ್ಮಾ, ಇದು ನೆಂಗಾ ಅಲ್ಲ.”

ಕತ್ತಿ, ಕತ್ತರಿ ಕಸಿದುಕೊಂಡರು. ಜಗಲಿಯ ಮೇಲೆ ಕೂರಿಸಿದರು. ಅಮ್ಮ ಹೂವಿನಲ್ಲಿ ಅದ್ದಿ ಅದ್ದಿ ತೀರ್ಥ ಚಿಮುಕಿಸಿದಳು, ಹಣೆಗೆ ಅಕ್ಕಿಕಾಳು ಒತ್ತಿದಳು. ನಾನು ಬಾಯಿ ಬಿಡಲಿಲ್ಲ. ಕೊಡದಲ್ಲಿದ್ದ ತೀರ್ಥ ಪೂರ್ತಿ ತಲೆಯ ಮೇಲೆ ಬಿತ್ತು. ಆಗಲೂ ಬಿಡಲಿಲ್ಲ. ಒದ್ದೆಕೋಳಿಯಾದರೂ ವೀರ ವೀರನೇ!

“ಇವನನ್ನ ಸ್ವಲ್ಪ ಹಿಡ್ಕೊಂಡಿರಪ್ಪಾ,” ಎಂದು ಸುಮೆರ್ತನಿಗೆ ಹೇಳಿ ಅಮ್ಮ ಮರಿಯ ಕಡೆ ತಿರುಗಿದಳು. ಮನೆಯಲ್ಲಿದ್ದ ಶುಂಠಿ-ಲವಂಗದ ಲೇಪವನ್ನು ಅದರ ಕಾಲಿಗೆ ಮೆತ್ತಿ, ಉದ್ದನೆಯ ಬಟ್ಟೆಪಟ್ಟಿ ತೆಗೆದು, ಸರಿಯಾಗಿ ದಾರದ ಮೇಲೆಯೇ ಸುತ್ತಿ ಎಳೆದಳು. ಲಕ್ಲಕ್ ಚೀರಿತು. ಅಮ್ಮ ಇನ್ನೊಂದು ಸುತ್ತು ಬಿಗಿಯಲು ಕೈ ಎತ್ತಿದಳು. ಮರಿ ಕೂಗುತ್ತಾ ನೋಡಿದ್ದು ಅವಳನ್ನಲ್ಲ, ನನ್ನನ್ನು.

ಒಂದು ಕಡೆ ಇಡೀ ವರ್ಷದ ಹೂಂ. ಇನ್ನೊಂದು ಕಡೆ ಆ ಪುಟ್ಟ ಕಾಲು.

“ಬಿಗೀಬೇಡಮ್ಮಾ! ಒಳಗೆ ದಾರ ಇದೆ. ಕಟ್ಟಿದ್ದು ನಾನೇ.”

ಒಡ್ಡು ಒಡೆದ ಮೇಲೆ ಕೇಳಬೇಕೇ? ಹಬ್ಬದ ದಿನ ಕಟ್ಟಿದ್ದು, ಬ್ರಹ್ಮಗಂಟು, ಕತ್ತಿ ತಂದ ಕಾರಣ, ಮಾರ್ಕೆಟ್ ಹುಡುಗನ ಕೈಚಳಕದ ಬಗ್ಗೆ ನನ್ನ ಅಭಿಪ್ರಾಯ, ಸುಮೆರ್ತನ ಹಿಂದಲೆಯ ಬಗ್ಗೆ ನನ್ನ ಅಭಿಪ್ರಾಯ, ಎಲ್ಲವೂ ಒಂದೇ ಉಸಿರಿನಲ್ಲಿ ಹರಿದು ಬಂತು. ಅಮ್ಮ ಕಣ್ಣೊರೆಸಿಕೊಂಡಳು.

“ಬಂದ. ನನ್ನ ಮಗ ವಾಪಸ್ಸು ಬಂದ.”

ಸುವೇನಿ ಪಟ್ಟಿ ಬಿಚ್ಚಿದಳು, ಸುಮೆರ್ತ ಮರಿಯನ್ನು ಹಿಡಿದ, ನಾನು ಕೂದಲು ಬೋಳಿಸಿದೆ. ಕತ್ತರಿ ಟಕ್ಕೆಂದಿತು, ದಾರ ಬಿತ್ತು. ಚರ್ಮದ ಮೇಲೆ ಕೆಂಪು ಗೀರೊಂದು ಮೂಡಿತ್ತು, ಪುಣ್ಯಕ್ಕೆ ಗಾಯವಾಗಿರಲಿಲ್ಲ. ಲಕ್ಲಕ್ ಕಾಲನ್ನು ಗಾಳಿಯಲ್ಲೇ ಒಂದಿಷ್ಟು ಹೊತ್ತು ಹಿಡಿದಿತ್ತು. ಮೆಲ್ಲಗೆ ನೆಲ ಮುಟ್ಟಿಸಿತು. ಎತ್ತಿತು. ಮತ್ತೆ ಊರಿತು. ಆಮೇಲೆ ನಾಲ್ಕೂ ಕಾಲಿನಲ್ಲಿ ಅಂಗಳ ಸುತ್ತಿ ಬಂದು ನನ್ನ ಒದ್ದೆ ತೊಡೆಯೇರಿತು.

“ಹಾಗಾದ್ರೆ ಬೆಟ್ಟಕ್ಕೆ ಕಳಿಸೋದು?” ಎಂದು ಅಮ್ಮನನ್ನು ಕೇಳಿದೆ.

“ಕಳಿಸೋದಾದ್ರೆ ಕಟ್ಟಿದವನನ್ನ ಕಳಿಸ್ಬೇಕು.”

ಸುಮೆರ್ತ ಗೇಟಿನ ಬಳಿ ನಿಂತು, “ದನಿ ಸ್ವಲ್ಪ ಇಳಿಸಪ್ಪಾ, ಓಡಿಹೋದ ಭೂತಗಳೆಲ್ಲ ಸುದ್ದಿ ಕೇಳೋಕೆ ವಾಪಸ್ಸು ಬಂದಾವು,” ಎಂದ. ಕಟಿಂಗ್ ವಿಷಯ ಬರೀ ಪರೀಕ್ಷೆಗೆ ಹೇಳಿದ್ದು ಎಂದೂ ಸೇರಿಸಿದ. ಹೇಳುವಾಗ ಮಾತ್ರ ನನ್ನ ಮುಖ ನೋಡಲಿಲ್ಲ.

ಬಹುಮಾನ ಹೋಯಿತು, ಮಾನವೂ ಹೋಯಿತು. ಅಳಿದುಳಿದ ಗೌರವವನ್ನಾದರೂ ಬಾಚಿಕೊಳ್ಳೋಣವೆಂದು ಬೆನ್ನು ನೆಟ್ಟಗೆ ಮಾಡಿ ಕುಳಿತು, “ಆಗಿದ್ದು ಆಯ್ತು. ಈಗಿಂದ ನಾಳೆ ಬೆಳಗಿನವರೆಗೆ ಮತ್ತೆ ಮೌನ,” ಎಂದೆ.

“ಬೇಡ ರೀ, ನಿಮ್ಮ ದಮ್ಮಯ್ಯ,” ಎಂದಳು ಸುವೇನಿ. “ನೀವು ಮಾತಾಡ್ತಾನೇ ಇರಿ, ನಾನು ಹೂಂ ಅಂತೀನಿ. ನೀವು ಬಾಯಿ ಮುಚ್ಚಿದ್ರೆ, ಇನ್ಯಾರ ಕಾಲಿಗೆ ಏನು ಕಟ್ಟಿಟ್ಟಿದೀರೋ ಅಂತ ಭಯ ಆಗುತ್ತೆ.”

ಅಮ್ಮ ಉಟ್ಟ ಬಟ್ಟೆಯ ಅಂಚನ್ನು ಮೆಲ್ಲಗೆ ಎತ್ತಿ, ತನ್ನ ಎರಡೂ ಕಾಲುಗಳನ್ನು ಒಮ್ಮೆ ನೋಡಿಕೊಂಡಳು.