ಬ್ಯಾಟರಿ ಕುಡಿಯುತ್ತಿದ್ದ ಗಾಡಿ

ಗಾಡಿಗಳ ವೈರಿಂಗ್ ಕೆಲಸ ಮಾಡುವವನ ಅಂಗಡಿಗೆ ಕೆಟ್ಟ ಗಾಡಿಗಳಿಗಿಂತ ಹೆದರಿದ ಮನುಷ್ಯರೇ ಹೆಚ್ಚು ಬರುತ್ತಾರೆ. ಹಾರ್ನ್ ತಾನಾಗಿಯೇ ಕೂಗಿತು, ಲೈಟು ತಾನಾಗಿಯೇ ಕಣ್ಣು ಬಿಟ್ಟಿತು ಅಂತ ರೋಣದ ನನ್ನ ಅಂಗಡಿಯಲ್ಲಿ ಆಗಾಗ ಯಾರಾದರೂ ಬಂದು ಪಿಸುಗುಡುತ್ತಾರೆ. ನಾನು ನಗುತ್ತಾ ಟೇಪು ಸುತ್ತಿ ಕಳಿಸುತ್ತೇನೆ. ಒಂದು ಪಿಕಪ್ ವಿಷಯದಲ್ಲಿ ಮಾತ್ರ ನಗು ಬರಲು ತಡವಾಯಿತು.

೧. ಒಳಗ ಏನೋ ಕುಂತೈತಿ

ಗಜೇಂದ್ರಗಡದ ಗಾದಿ ವ್ಯಾಪಾರಿ ಸಾಹೇಬರೊಬ್ಬರು ಆ ಪಿಕಪ್ಪನ್ನು ಹಳೆಯದಾಗಿ ಕೊಂಡಿದ್ದರು. ಊರೂರಿಗೆ ಗಾದಿ, ತಲೆದಿಂಬು ಹೇರಿಕೊಂಡು ಹೋಗುವ ಗಾಡಿ. ಸಂಜೆ ಚೆನ್ನಾಗಿ ಓಡಿ ಬಂದು ನಿಂತದ್ದು ಮುಂಜಾನೆ ಚಾವಿ ತಿರುವಿದರೆ ಟಿಕ್ ಎನ್ನುತ್ತಿರಲಿಲ್ಲ. ಹೊಸ ಬ್ಯಾಟರಿ ಹಾಕಿದರೂ ಅದೇ ಪಾಡು. ಎಂಜಿನ್ ಬಂದ್ ಮಾಡಿದ ಮೇಲೂ ಅದರೊಳಗೆ ಯಾರೋ ನರಳುತ್ತಾರೆ, ಮಾರಿಬಿಡು ಎಂದು ಅವರ ತಾಯಿ ಹಠ ಹಿಡಿದಿದ್ದರು. ಗಾಡಿ ಹೋದರೆ ವ್ಯಾಪಾರವೂ ಹೋದಂತೆ ಎಂದು ಸಾಹೇಬರು ನನ್ನ ಮುಂದೆ ಕಣ್ಣಲ್ಲಿ ನೀರು ತಂದರು.

ಚಾರ್ಜಿಂಗ್ ನೋಡಿದೆ, ಸರಿ ಇತ್ತು. ಬ್ಯಾಟರಿಯನ್ನು ಬಿಚ್ಚಿ ಮರುದಿನದವರೆಗೆ ಅಂಗಡಿಯಲ್ಲಿಟ್ಟೆ, ತುಂಬಿಕೊಂಡೇ ಇತ್ತು. ಅಂದರೆ ಚಾವಿ ತೆಗೆದ ಮೇಲೂ ಗಾಡಿಯಲ್ಲಿ ಏನೋ ಒಂದು ಕರೆಂಟು ಎಳೆಯುತ್ತಿದೆ. ಅದನ್ನು ನಾವು ಹೇಳುವ ರೀತಿಯಲ್ಲೇ ಹೇಳಿದೆ: "ಒಳಗ ಏನೋ ಕುಂತು ಕುಡ್ಯಾಕತ್ತೈತ್ರಿ. ನಾಳೆ ತರ್ರಿ, ಹಿಡಿಯೋಣು."

ಸಾಹೇಬರು ಬ್ಯಾಟರಿ ಹಾಕಿಸಿಕೊಂಡು ಹೋದರು. ಮರುದಿನ ಗಾಡಿ ಬಂದಾಗ ಕನ್ನಡಿಗೆ ತಾಯಿತ, ಬಂಪರಿಗೆ ಲಿಂಬೆಹಣ್ಣು, ಸ್ಟೇರಿಂಗಿಗೆ ಕರಿದಾರ, ಗಾಜಿಗೆ ವಿಭೂತಿ. ಓಣಿಯವರೆಲ್ಲ ಅವರವರ ಕೈಲಾದದ್ದನ್ನು ಮಾಡಿದ್ದರು. ಬ್ಯಾಟರಿ ಬಿಚ್ಚಲು ಹೋದರೆ ಅದರ ಮೇಲೆ ಒಂದು ತೆಂಗಿನಕಾಯಿ ಕೂತಿತ್ತು.

೨. ಹಾಡಿದವರು ಯಾರು

ಕಾಯಿ ಇಳಿಸಿ, ಬ್ಯಾಟರಿಗೂ ಅದರ ಮೈನಸ್ ವೈರಿಗೂ ನಡುವೆ ಮೀಟರ್ ಹಚ್ಚಿದೆ. ಎಲ್ಲ ಬಂದ್ ಇದ್ದರೂ ಮುಳ್ಳು ಏರಿ ನಿಂತಿತು. ಇಂಥ ಕಳ್ಳನನ್ನು ಹಿಡಿಯುವುದಕ್ಕೆ ಒಂದೊಂದೇ ಫ್ಯೂಜ್ ಕೀಳುತ್ತಾ ಹೋಗಬೇಕು. ಯಾವುದನ್ನು ಕಿತ್ತಾಗ ಮುಳ್ಳು ಇಳಿಯುತ್ತದೋ ಆ ಲೈನಿನಲ್ಲಿ ಕಳ್ಳ. ಲೈಟಿನದು ಕಿತ್ತೆ, ಹಾರ್ನಿನದು ಕಿತ್ತೆ, ಕಡೆಗೆ ಒಂದೂ ಉಳಿಯಲಿಲ್ಲ. ಮುಳ್ಳು ಮಾತ್ರ ಅಲುಗಲಿಲ್ಲ. ಎಲ್ಲ ನರ ಕತ್ತರಿಸಿದ ಮೇಲೂ ನಾಡಿ ಬಡಿಯುತ್ತಿದ್ದ ಹಾಗೆ.

ಬೀದಿಯಲ್ಲಿ ಬಿಸಿಲು ಬಿಟ್ಟರೆ ಯಾರೂ ಇರಲಿಲ್ಲ. ಆಗ ಸಣ್ಣಗೆ, ಅತ್ತ ಹಾಗೆ, ಒಂದು ಹಾಡು ಕೇಳಿಸಿತು. ಸಾಹೇಬರು ಧೈರ್ಯಕ್ಕೆ ಏನೋ ಗುನುಗುತ್ತಿದ್ದಾರೆ ಅಂದುಕೊಂಡು ಕೆಲಸ ಮುಂದುವರಿಸಿದೆ. ಸ್ವಲ್ಪ ಹೊತ್ತಾದ ಮೇಲೆ ಅವರನ್ನು ಸಮಾಧಾನ ಮಾಡಲು, "ದನಿ ಚಲೋ ಐತ್ರಿ ನಿಮ್ದು" ಎಂದೆ.

ಅವರು ಗಾಡಿಯ ಆ ಕಡೆಯಿಂದ ತಲೆ ಎತ್ತಿ, "ನಾನೂ ನಿಮಗ ಅದನ್ನ ಹೇಳಬೇಕಂತಿದ್ದೆ" ಎಂದರು.

ಇಬ್ಬರೂ ಬಾಯಿ ಮುಚ್ಚಿದೆವು. ಹಾಡು ಮುಂದುವರಿಯಿತು.

೩. ನರಗುಂದದ ಧೈರ್ಯವಂತ

ನರಗುಂದದಲ್ಲಿ ನನ್ನ ಗೆಳೆಯನೊಬ್ಬ ಮೆಕ್ಯಾನಿಕ್ ಇದ್ದಾನೆ. ಅಮಾವಾಸ್ಯೆ ದಿನವೇ ಬೇಕಂತ ಎಂಜಿನ್ ಬಿಚ್ಚುವ ಆಸಾಮಿ. ಮರುದಿನ ಅವನನ್ನು ಕರೆಸಿದೆ. ಚಹಾ ಕುಡಿಯುತ್ತಾ ದೆವ್ವ ಎಂಬುದೇ ಇಲ್ಲ ಎಂದು ನಮ್ಮಿಬ್ಬರಿಗೂ ತಿಳಿಹೇಳಿದ. ಆಮೇಲೆ ಸೀಟಿನ ಹಿಂದಿನ ಸಂದಿಗೆ ಕಿವಿ ಹಚ್ಚಿದ.

ಒಳಗೆ ಒಂದು ಹೆಣ್ಣುದನಿ, "ಹೊತ್ತಾಯಿತು ಬಾ, ಹೊರಡೋಣ" ಎಂದಿತು.

ಗೆಳೆಯ ಮೆಲ್ಲಗೆ ಹೊರಗೆ ಬಂದು ಕೈ ಒರೆಸಿಕೊಂಡ. ಬೆಳವಣಕಿಯಲ್ಲಿ ಅರ್ಜೆಂಟ್ ಕೆಲಸವಿದೆ ಎಂದು ಹೇಳಿ, ಎದುರಿಗೆ ಬಂದ ಟಂಟಂ ಆಟೊ ಹತ್ತಿ ಹೋಗಿಯೇಬಿಟ್ಟ. ಅವನ ಬೈಕು ನನ್ನ ಅಂಗಡಿ ಮುಂದೆಯೇ ಉಳಿಯಿತು. ಸಂಜೆ ಫೋನು ಮಾಡಿ, ಬೈಕು ನೀನೇ ತಂದು ಮುಟ್ಟಿಸು ಅಂದ. ಫೋನು ಇಡುವ ಮುಂಚೆ ಮತ್ತೆ ಹೇಳಿದ: "ಒಬ್ಬಾಂವನೇ ಬಾ. ಹಿಂದ ಯಾರನ್ನೂ ಕುಂಡ್ರಿಸಿಕೊಂಡು ಬರಬ್ಯಾಡ."

೪. ಬಜಾರದ ಮಧ್ಯಾಹ್ನ

ನನಗೂ ಅದಕ್ಕೆ ಕೈ ಹಚ್ಚಲು ಮನಸ್ಸಾಗದೆ, ಸಾಹೇಬರು ಗಾಡಿಯನ್ನು ಹಾಗೆಯೇ ಓಡಿಸಿಕೊಂಡಿದ್ದರು. ಕೊನೆಗೆ ಒಂದು ದಿನ ರೋಣದ ಬಜಾರದಲ್ಲೇ ಗಾಡಿ ನಿಂತುಬಿಟ್ಟಿತು. ಸಾಹೇಬರು ರಾಜೂರದ ಮದುವೆ ಮನೆಗೆ ಗಾದಿ ಹೇರಿಕೊಂಡು ಹೊರಟಿದ್ದರು. ಇವತ್ತು ಸೀಟನ್ನೇ ಕಿತ್ತು ನೋಡುತ್ತೇನೆ ಎಂದು ನಾನು ಬೇರೆ ಬ್ಯಾಟರಿ ತಂದು ಜೋಡಿಸಿದೆ. ದಣಿದಿದ್ದ ಸಾಹೇಬರು ಹಿಂದೆ ಗಾದಿಗಳ ಮೇಲೆ ಅಡ್ಡಾದರು. ಬಿಸಿಲು ಹೊಡೆಯುತ್ತದೆಂದು ಬಿಳಿ ಚಾದರವನ್ನು ತಲೆತನಕ ಎಳೆದುಕೊಂಡರು.

ಸೀಟಿನ ಹಿಂದಿನ ತಗಡು ಬಿಚ್ಚಿದೆ. ಧೂಳಿನಲ್ಲಿ ಒಂದು ಸಣ್ಣ ದೀಪ ಹಸಿರಾಗಿ ನನ್ನನ್ನೇ ನೋಡುತ್ತಿತ್ತು. ಧೂಳು ಒರೆಸಿದೆ. ಅದು ಧ್ವನಿವರ್ಧಕದ ಡಬ್ಬಿ. ಅದರ ವೈರು ಯಾವ ಫ್ಯೂಜಿಗೂ ಹೋಗದೆ, ದೊಡ್ಡ ಕೇಬಲ್ಲಿನ ಜೊತೆ ಟೇಪು ಸುತ್ತಿಕೊಂಡು ನೇರ ಬ್ಯಾಟರಿಗೆ ಹೋಗಿತ್ತು. ಒಳಗಿದ್ದ ಮೆಮೊರಿ ಕಾರ್ಡು ಒಂದೇ ಹಾಡನ್ನು ತಿರುಗಿ ತಿರುಗಿ ಹಾಡುತ್ತಿತ್ತು. ಏನು ಹಾಡು ಅಂತ ನೋಡಲು ದನಿ ಏರಿಸುವ ಗುಬುಟು ತಿರುವಿದೆ. ಅದು ಪೂರ್ತಿ ತಿರುಗಿ ನನ್ನ ಕೈಗೇ ಬಂತು.

ಗಾಡಿಯ ಅಡಿಯಲ್ಲಿದ್ದ ಕಹಳೆ ಸ್ಪೀಕರು ಇಡೀ ಬಜಾರಕ್ಕೆ ಕೇಳುವಂತೆ ಹಾಡಿತು. ಹೆಣ ಒಯ್ಯುವಾಗ ಹಾಕುವ ಭಜನೆ. ಗಾಡಿ ಮೊದಲು ಯಾವುದೋ ಊರಲ್ಲಿ ಅದೇ ಕೆಲಸಕ್ಕಿತ್ತು ಎಂಬುದು ಆಗ ಹೊಳೆಯಿತು.

ಆ ವೈರು ಕತ್ತರಿಸಿದ ಮೇಲೆ ಗಾಡಿ ಒಂದು ಮುಂಜಾನೆಯೂ ತಕರಾರು ಮಾಡಿಲ್ಲ. ಸಾಹೇಬರ ತಾಯಿಯೇ ಅದರಲ್ಲಿ ಕೂತು ಬಂದು ನನಗೊಂದು ತಲೆದಿಂಬು ಕೊಟ್ಟು ಹೋದರು. ಆದರೆ ಅವತ್ತು ನಾನು ಕಟರ್ ಹುಡುಕುವಷ್ಟರಲ್ಲಿ ಬಜಾರ ಎದ್ದು ನಿಂತಿತ್ತು. ಅಂಗಡಿಯವರು ಬಾಗಿಲು ಅರ್ಧ ಎಳೆದರು. ಚಹಾದವನು ಒಲೆ ಆರಿಸಿದ. ಯಾರೋ ಬಂದು ಚಾದರದ ಮೇಲೆ ಸೇವಂತಿಗೆ ಮಾಲೆ ಹಾಕಿದರು.

ಮಾಲೆ ಬಿದ್ದದ್ದಕ್ಕೆ ಸಾಹೇಬರಿಗೆ ಎಚ್ಚರವಾಯಿತು. ಚಾದರ ಹೊದ್ದುಕೊಂಡೇ ಎದ್ದು ಕೂತರು. ಒಂದು ಉಸಿರಿನಲ್ಲಿ ಬಜಾರ ಖಾಲಿಯಾಯಿತು. ಗಾಡಿಯ ಪಕ್ಕ ಉಳಿದದ್ದು ಕಣ್ಣು ಮಂಜಾದ ಒಬ್ಬ ಮುದುಕಿ ಮಾತ್ರ. ಆಕೆ ಕೈಯಿಂದ ತಡವರಿಸಿ ಸಾಹೇಬರ ಹೆಗಲು ಹಿಡಿದು, ಮಗುವಿಗೆ ಹೇಳುವ ಹಾಗೆ ಹೇಳಿದಳು: "ಏಳಬ್ಯಾಡಪ್ಪಾ. ಎಲ್ಲಾರೂ ಅತ್ತಿದ್ದು ಆಗೇತಿ. ಮಲಕ್ಕೋ."

ಸಾಹೇಬರು ಹೆದರಿ ಮಲಗಿಬಿಟ್ಟರು.