ಕೊಟ್ಟ ಹುಳು ವಾಪಸ್ ತಂದ ಅತ್ತೆ

ಗಿರಾಕಿ ಬಂದರೆ ವ್ಯಾಪಾರಸ್ಥರು ಕುರ್ಚಿ ಹಾಕಿ ಕೂರಿಸುತ್ತಾರೆ. ನಮ್ಮ ಸೋದರತ್ತೆ ಮೂಸಿ ನೋಡುತ್ತಿದ್ದಳು!

ಮಾಗಡಿ ಸುತ್ತಮುತ್ತ ರಾಗಿ ಹೊಲಗಳೆಲ್ಲ ಹಿಪ್ಪುನೇರಳೆ ತೋಟಗಳಾಗುತ್ತಿದ್ದ ಕಾಲ ಅದು. ರಾಮನಗರದ ರೇಷ್ಮೆಗೂಡಿನ ಮಾರ್ಕೆಟ್ಟಿಗೆ ಹೋಗಿಬಂದವರೆಲ್ಲ ಹೊಸ ವಾಚು ಕಟ್ಟಿಕೊಂಡು, ಯಾರೂ ಕೇಳದಿದ್ದರೂ ಟೈಮು ಹೇಳುತ್ತಿದ್ದರು. ಅತ್ತೆ ಗೂಡಿನ ಗೋಜಿಗೆ ಹೋಗದೆ ಚಾಕಿ ಶುರು ಮಾಡಿದಳು. ಅಂದರೆ, ಆಗತಾನೇ ಮೊಟ್ಟೆಯಿಂದ ಹೊರಬಂದ ಹುಳುಗಳನ್ನು ಒಂದಿಷ್ಟು ದೊಡ್ಡದು ಮಾಡಿ ರೈತರಿಗೆ ಮಾರುವ ಕಸುಬು.

ಎಳೆ ಹುಳುವಿಗೆ ಘಾಟು ಆಗದು. ಹಾಗಾಗಿ ಮನೆಯಲ್ಲಿ ಊದುಬತ್ತಿ ಬಂದ್, ಒಗ್ಗರಣೆ ಬಂದ್. ದೇವರಿಗೇ ಇಲ್ಲದ ಪರಿಮಳ ನಮ್ಮ ಸಾರಿಗೆಲ್ಲಿ? ಒಮ್ಮೆ ಮಾವ ನಂಟರ ಮನೆಗೆ ಹೊರಡುವಾಗ ಪೌಡರ್ ಹಚ್ಚಿಕೊಂಡದ್ದೇ ತಪ್ಪಾಯಿತು.

"ಆ ಮೊಕ ಇಟ್ಕಂಡು ಹುಳದ ಮನೆ ಕಡೀಕ್ ಬಂದೀರಾ, ಹುಷಾರು!"

ಅವತ್ತಿನಿಂದ ಮಾವನಿಗೆ ಹುಳುಮನೆಯ ಪ್ರವೇಶವೇ ರದ್ದು.

ಬೀಡಿ ವಾಸನೆಯ ಗಿರಾಕಿಗೆ ಹುಳು ಇಲ್ಲ. ಕೊಟ್ಟ ಮೇಲಾದರೂ ಸುಮ್ಮನಿರುವಳೇ? ಹೇಳದೆ ಕೇಳದೆ ಬಸ್ಸು ಹತ್ತಿ ಹೋಗಿ ನೋಡುತ್ತಿದ್ದಳು. ವಿರೂಪಾಕ್ಷಿಪುರದ ಒಬ್ಬ ಹುಳುವಿಗೆ ರೋಗ ತರುವ ಒದ್ದೆ ಸೊಪ್ಪು ಹಾಕುತ್ತಿದ್ದ. ಅವನ ದುಡ್ಡು ಅವನ ಕೈಗಿಟ್ಟು, ಹುಳುವಿನ ತಟ್ಟೆಗಳನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲೇ ವಾಪಸ್ ಬಂದಳು. ದಾರಿಯುದ್ದಕ್ಕೂ ಯಾರಿಗೂ ಬೀಡಿ ಹಚ್ಚಲು ಬಿಡಲಿಲ್ಲ, ಡ್ರೈವರಿಗೂ!

ನಮ್ಮಪ್ಪ ತಲೆ ಚಚ್ಚಿಕೊಂಡರು. "ಕೊಟ್ಟ ಮ್ಯಾಲೆ ವಾಪಸ್ ತರಾದಾ? ಇನ್ಯಾರವ್ವ ನಿನ್ತಾವ ಬತ್ತಾರೆ?"

"ಬರದಿದ್ರೆ ಬುಡ್ಲಿ. ಕೊಟ್ಬುಟ್ಟೆ ಅಂತ ಕಣ್ಮುಚ್ಕಳಕಾಯ್ತದಾ?"

ಮುಂದಿನ ಬೆಳೆಗೆ ಗಿರಾಕಿಗಳು ಹೆಚ್ಚಾದರು. ಅತ್ತೆ ಹುಳು ಕೊಟ್ಟಳೆಂದು ಹೇಳಿಕೊಳ್ಳುವುದೇ ಊರೂರಲ್ಲಿ ಜಂಬವಾಯಿತು.

ನನ್ನನ್ನು ಕನಕಪುರದ ಕಡೆಗೆ ಕೊಟ್ಟರು. ಮದುವೆಗೆ ಅತ್ತೆ ಬರಲಿಲ್ಲ. ಹುಳು ಪೊರೆ ಬಿಡುತ್ತಿದ್ದವಂತೆ, ಬಿಟ್ಟು ಬರುವಂತಿಲ್ಲವಂತೆ! ನನಗಿಂತ ಹುಳು ಹೆಚ್ಚಾದವೇ ಎಂದು ಧಾರೆಯ ಹೊತ್ತಿನಲ್ಲೂ ಮುಖ ಊದಿಸಿಕೊಂಡಿದ್ದೆ.

ತಿಂಗಳು ಕಳೆದಿರಬೇಕು. ನೋಡುತ್ತೇನೆ, ಅತ್ತೆ ಬಾಗಿಲಲ್ಲಿ! ಒಳಗೆ ಬಂದವಳೇ ನನ್ನ ಗಂಡನ ಪಕ್ಕ ಸುಳಿದು ಮೂಗು ಅರಳಿಸಿದಳು. ಅಡುಗೆಮನೆಯ ಪಾತ್ರೆಗಳ ಮುಚ್ಚಳ ತೆಗೆದು ನೋಡಿದಳು. ಆಮೇಲೆ ನನ್ನ ರಟ್ಟೆ ಹಿಡಿದು ನೋಡಿದಳು.

"ಹುಳ ಬುಟ್ಟು ಬಂದ್ಯಾ ಅತ್ತೆ?"

"ನಿಮ್ಮಾವ ನೋಡ್ಕತಾವ್ರೆ."

ಮಾವ! ಹುಳುಮನೆಯೊಳಗೆ! ನಗು ಬಂತು.

ಬಸ್ಸು ಹತ್ತುವ ಮುಂಚೆ ಅತ್ತೆ ನನ್ನ ಕಿವಿಯ ಹತ್ತಿರ ಬಗ್ಗಿದಳು.

"ಇಲ್ಲಿ ಸರಿಹೋಗಕಿಲ್ಲ ಅನ್ಸುದ್ರೆ ಒಂದ್ ಮಾತು ಹೇಳ್ಕಳ್ಸು ಕಣವ್ವ. ಹುಳಾನೇ ವಾಪಸ್ ತಂದೋಳು ನಾನು, ನಿನ್ನ ಬುಟ್ಟೇನಾ?"